ವರ್ಗ ಎರಡು, ನೆಲ

ಫೆರಿ ಇಳಿದಾಗ ಏಳೂಕಾಲು. ದಿವಾಡಿಯ ಕೆಸರಿಗೆ
ನಿನ್ನೆ ರಾತ್ರಿಯ ಭರತಿಯ ವಾಸನೆ.
ಇಲ್ಲಿ ಖಾಜನ್ ಅನ್ನುತ್ತಾರೆ, ಕಾರವಾರದ ಆಚೆಗೆ ಗಜನಿ;
ಉಪ್ಪು ನೀರನ್ನು ಒಂದು ಒಡ್ಡಿನ ಆಚೆ ನಿಲ್ಲಿಸಿ
ಈಚೆ ಭತ್ತ ಬೆಳೆಯುವ ಹಳೇ ಹಟ.
ಮುಕ್ಕಾಲಿಯ ಮೂರೂ ಕಾಲು ಊರಿ, ಗುಳ್ಳೆಯನ್ನು ನಡುವಿಗೆ ತಂದು,
ಆರು ರೆಕ್ಕೆಯ ಯಂತ್ರವನ್ನು
ಅರವತ್ತು ಮೀಟರು ಮೇಲಕ್ಕೆ ಬಿಟ್ಟೆ.
ಗುಂಯ್‌ಗುಟ್ಟುತ್ತ ಹೋಗಿ ಬಂದು ಹೋಗಿ ಬಂದು ಮಾಡಿತು,
ರೂಲು ಹಾಕಿದ ಪುಟದಲ್ಲಿ ಮಗು ಅಕ್ಷರ ತಿದ್ದುವ ಹಾಗೆ.

ಸೆಕೆಂಡಿಗೆ ಎರಡು ಲಕ್ಷ ಸಲ
ಕಣ್ಣಿಗೆ ಕಾಣದ ಬೆಳಕು ಇಳಿಯುತ್ತದೆ, ತಾಗುತ್ತದೆ, ಮರಳುತ್ತದೆ.
ಹೋಗಿ ಬರಲು ಎಷ್ಟು ಹೊತ್ತು, ಅಷ್ಟೇ ಲೆಕ್ಕ.
ಮೊದಲು ತಾಗಿದ್ದು ಕಾಂಡ್ಲಾ ಎಲೆ,
ಆಮೇಲೆ ಟೊಂಗೆ,
ಎಲ್ಲವನ್ನೂ ನುಸುಳಿ ಕೊನೆಗೆ ತಾಗಿದ್ದು ನೆಲ.
ನೀರು ಮಾತ್ರ ತಿರುಗಿ ಕೊಡುವುದಿಲ್ಲ.
ಮಾಂಡವಿಗೆ ಕಳಿಸಿದ್ದೆಲ್ಲ ಮಾಂಡವಿಗೇ;
ಪರದೆಯ ಮೇಲೆ ನದಿಯೆಂದರೆ
ನದಿಯ ಆಕಾರದ ಒಂದು ಕತ್ತಲೆ.

ಒಡ್ಡಿನ ಮೇಲೆ ಸಾಂತಾನ್ ನಿಂತಿದ್ದ, ತೂಬು ಕಾಯುವವನು.
ಏನು ಸಿಕ್ಕಿತು ಎಂದ, ಕೊಂಕಣಿಯಲ್ಲಿ.
ಎತ್ತರ, ಎಂದೆ. ನಾಲ್ಕು ಸೆಂಟಿಮೀಟರು ಆಚೀಚೆ.
ಅವನು ಹಿಮ್ಮಡಿಯಿಂದ ಒಡ್ಡನ್ನು ಎರಡು ಸಲ ಒದ್ದ,
ಕಲ್ಲಂಗಡಿ ಕೊಳ್ಳುವವರ ಹಾಗೆ ತಲೆ ವಾಲಿಸಿದ.
"ಕುರ್ಲಿ."
ಏಡಿ. ಎರಡು ಬೆರಳಗಲದ ದಾರಿ, ಒಳಗೊಳಗೇ,
ಆಚೆಯ ಉಪ್ಪಿನಿಂದ ಈಚೆಯ ಭತ್ತಕ್ಕೆ.
ನನ್ನ ಬೆಳಕು ಅದರ ಬಾಗಿಲನ್ನೂ ಮುಟ್ಟಿರಲಿಲ್ಲ.

ಸಂಜೆ ಝುವಾರಿನಗರದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೆ.
ಅವ್ವ ಮುಸುರೆ ಪಾತ್ರೆ ಬಿಟ್ಟು ಬಂದು ಹಿಂದೆ ನಿಂತಳು.
ಅವಳೂ ಆ ಒಡ್ಡಿಗೆ ಮಣ್ಣು ಹೊತ್ತವಳೇ,
ನಾನು ಸೀರೆಯ ಜೋಳಿಗೆಯಲ್ಲಿ ಸೊಳ್ಳೆಗೆ ಅಳುತ್ತಿದ್ದ ಕಾಲಕ್ಕೆ;
ಇಳಕಲ್ಲಿನ ಕಡೆಯ ಹನ್ನೊಂದು ಹೆಂಗಸರು, ಒಬ್ಬ ಗುತ್ತೇದಾರ.
ಪರದೆಯ ತುಂಬ ಬಣ್ಣ: ತಗ್ಗು ನೀಲಿ, ದಿಬ್ಬ ಕೆಂಪು.
ಒದ್ದೆ ಬೆರಳು ಒತ್ತಿದಳು.
"ಇಲ್ಲಿ ಕುಂತೈತಲ್ಲ, ಇದು ನಮ್ಮ ಕೈದಲ್ಲ.
ನಾವು ಒಂದ್ ಬುಟ್ಟಿಗೆ ಮೂರು ಸಲ ತುಳದೀವಿ.
ದುರಗವ್ವಗ ಜ್ವರ ಬಂದಿದ್ವು. ಅಕಿ ಪಾಲಿಂದು
ಗುತ್ತೇದಾರನ ತಮ್ಮ ಟ್ರ್ಯಾಕ್ಟರದಾಗ ತಂದು ಸುರುವಿದ.
ಯಾರೂ ತುಳೀಲಿಲ್ಲ."
ಅಳೆದೆ. ಹದಿನೇಳು ಸೆಂಟಿಮೀಟರು ತಗ್ಗು,
ಇಪ್ಪತ್ತೆರಡು ಮೀಟರು ಉದ್ದ.
ಒಬ್ಬಳ ಜ್ವರದಷ್ಟು ಉದ್ದ.
ಅವಳ ಬೆರಳಿನ ನೀರು ಆರಲಿ ಎಂದು ಸುಮ್ಮನೆ ಕೂತೆ.

ಆಮೇಲೆ ವಿಂಗಡಣೆ.
ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡಬೇಕು:
ಎರಡು ನೆಲ, ಐದು ಮರ, ಆರು ಕಟ್ಟಡ, ಒಂಬತ್ತು ನೀರು.
ಏಳು ಎಂದರೆ ಕಸ:
ಹಾರುವ ಕೊಕ್ಕರೆ, ಹೊಗೆ, ಯಂತ್ರಕ್ಕೆ ಕಂಡ ಭ್ರಮೆ.
ಮನುಷ್ಯನಿಗೆ ಅಂಕಿಯಿಲ್ಲ.

ಮುನ್ನೂರ ನಲವತ್ತನೇ ಮೀಟರಿನಲ್ಲಿ, ಒಡ್ಡಿನ ನೆತ್ತಿಯ ಮೇಲೆ,
ಹತ್ತೊಂಬತ್ತು ಚುಕ್ಕೆ ನೆಟ್ಟಗೆ ನಿಂತಿದ್ದವು.
ಟೊಪ್ಪಿಗೆಯವು ಐದು, ಹೆಗಲಿನವು ನಾಲ್ಕು,
ಅಂಗಿಯೋ ಗೋಣಿಯೋ ತಿಳಿಯದವು ಕೆಲವು,
ಕಟ್ಟಕಡೆಗೆ ಒಂದೇ ಒಂದು, ಹಿಮ್ಮಡಿಯ ಹತ್ತಿರ.
ನಿಯಮದ ಪ್ರಕಾರ ಏಳು. ಅಳಿಸಬೇಕು.

ಷರಾ ಕಾಲಂನಲ್ಲಿ "ಏಡಿ" ಎಂದು ಬರೆದಿದ್ದೆ.
ಕಚೇರಿ ಫೋನು ಮಾಡಿತು: ಎಷ್ಟು? ಯಾವ ಆಳ? ಅಕ್ಷಾಂಶ ರೇಖಾಂಶ?
ಒದ್ದು ನೋಡಿದ್ದು, ಎಂದೆ.
ಅದಕ್ಕೆ ಕಾಲಂ ಇರಲಿಲ್ಲ.

ಆ ಹತ್ತೊಂಬತ್ತಕ್ಕೂ ಎರಡು ಕೊಟ್ಟು ಕಳಿಸಿದೆ.
ಈಗ ನಕ್ಷೆಯಲ್ಲಿ ಸಾಂತಾನನ ಒಡ್ಡು
ಆ ಒಂದು ಜಾಗದಲ್ಲಿ ಮಾತ್ರ
ಇರುವುದಕ್ಕಿಂತ ಐದಡಿ ನಾಲ್ಕಿಂಚು ಎತ್ತರ.

ಇನ್ನೂ ಯಾರೂ ಕೇಳಿಲ್ಲ.
ಅಮಾಸೆಗೆ ಒಂಬತ್ತು ದಿನ.